ಕರಪತ್ರದಲ್ಲಿ ಇಲ್ಲದ ಹೆಸರು



ಮಂಡ್ಯದಿಂದ ಮೈಸೂರಿನ ಕಡೆಗೆ ಹೋಗುವ ರೈಲಿನ ಹಾದಿಯಲ್ಲಿ ಯಲಿಯೂರು ಎಂಬ ನಿಲ್ದಾಣವಿದೆ. ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ಈ ಭಾಗದ ಊರುಗಳಲ್ಲಿ ಪೌರಾಣಿಕ ನಾಟಕದ ಕಾಲ. 'ಕುರುಕ್ಷೇತ್ರ'ವೋ 'ರಾಜಸೂಯ ಯಾಗ'ವೋ ಬೆಳಗಿನವರೆಗೆ ನಡೆಯುತ್ತದೆ. ಇಲ್ಲಿ ಪಾತ್ರ ಮಾಡುವವರಿಗೆ ಸಂಭಾವನೆಯಿಲ್ಲ; ಅವರೇ ಕೈಯಿಂದ ಹಣ ಹಾಕಿ ಪಾತ್ರ ಪಡೆಯುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಆ ಹಣದಿಂದ ಸೀನರಿಯವರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ಮೈಕಿನವರಿಗೆ, ಬಣ್ಣದವರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಯಲಿಯೂರಿನ ಆಸುಪಾಸಿನಲ್ಲಿ ಇಂಥದ್ದೊಂದು ನಾಟಕವನ್ನು ನಾವು ರಾತ್ರಿಯಿಡೀ ಚಿತ್ರೀಕರಿಸಿಕೊಂಡೆವು. ಪ್ರಸಾರಕ್ಕೆ ಮುನ್ನ ನಾಟಕಕಾರರ ಒಪ್ಪಿಗೆ ಬೇಕಲ್ಲ? ಕರಪತ್ರ ತೆಗೆದು ನೋಡಿದೆ. ಉದ್ಘಾಟಕರ ಹೆಸರಿತ್ತು, ಸೀನರಿಯವರ ಹೆಸರಿತ್ತು, ಹೂವಿನ ಹಾರ ಕೊಟ್ಟವರ ಹೆಸರೂ ಇತ್ತು. ಬರೆದವರ ಹೆಸರಿರಲಿಲ್ಲ. ಮೇಷ್ಟ್ರನ್ನು ಕೇಳಿದೆ. "ಅದ್ಯಾರ್ ಬರದ್ರೋ ಗೊತ್ತಿಲ್ಲ ಸಾರ್. ನಮ್ ಮೇಷ್ಟ್ರು ನಂಗೆ ಬರ್ಸಿದ್ರು, ಅವ್ರಿಗೆ ಅವ್ರ ಮೇಷ್ಟ್ರು ಬರ್ಸಿದ್ರು" ಎಂದರು. ಆ ಟೇಪು ನಮ್ಮ ಕಪಾಟಿನಲ್ಲೇ ಉಳಿಯಿತು. ದುರ್ಯೋಧನನಾಗಿದ್ದ ರೈತರು ಮೂರು ಬಾರಿ ಬಂದು "ಯಾವಾಗ ಬತ್ತದೆ ಸಾರ್?" ಎಂದು ಕೇಳಿ ಹೋದರು. ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲರಿಗೂ ಸಲ್ಲುವುದು ಬರೆದವನಿಗೆ ಮಾತ್ರ ಏಕೆ ಸಲ್ಲುವುದಿಲ್ಲ? ಇದು ಹಳೆಯ ಪ್ರಶ್ನೆ. 1847ರಲ್ಲಿ ಪ್ಯಾರಿಸ್ಸಿನ ಒಂದು ಕಾಫಿಗೃಹದಲ್ಲಿ ಎರ್ನೆಸ್ಟ್ ಬೂರ್ಜೆ ಎಂಬ ಗೀತಕಾರ ಸಕ್ಕರೆ ನೀರು ಕುಡಿದು ಹಣ ಕೊಡಲು ನಿರಾಕರಿಸಿದನಂತೆ. ನನ್ನ ಹಾಡನ್ನು ನೀವು ಪುಕ್ಕಟೆ ಹಾಡಿಸುವುದಾದರೆ ನಿಮ್ಮ ಪಾನೀಯವೂ ನನಗೆ ಪುಕ್ಕಟೆ ಎಂಬುದು ಅವನ ವಾದ. ನ್ಯಾಯಾಲಯ ಅವನ ಹಕ್ಕನ್ನು ಎತ್ತಿಹಿಡಿಯಿತು. ಹಾಡಿನ ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಘವೊಂದು 1851ರಲ್ಲಿ ಅಲ್ಲಿ ಹುಟ್ಟಿತು.

ನಮ್ಮಲ್ಲಿ 1914ರ ಕಾಯಿದೆ ಬ್ರಿಟಿಷರ 1911ರ ಕಾಯಿದೆಯ ನೆರಳು. ಸ್ವತಂತ್ರ ಭಾರತದ್ದೇ ಆದ ಕೃತಿಸ್ವಾಮ್ಯ ಕಾಯಿದೆ 1957ರದು. ಜಾರಿಗೆ ಬಂದದ್ದು 1958ರ ಜನವರಿ 21ರಂದು. ಕರ್ತೃವಿನ ಜೀವಿತಕಾಲ ಮತ್ತು ಆನಂತರ 50 ವರ್ಷ ಹಕ್ಕು ಉಳಿಯುತ್ತಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ ಇದು 60 ವರ್ಷವಾಯಿತು. 1992ರಲ್ಲಿ ಕಾಯಿದೆ ತಿದ್ದುಪಡಿಯಾಯಿತು. ನಮ್ಮ ನಾಟಕಕಾರರ ಲೆಕ್ಕ ನೋಡಿ. ಸಂಸರು ತೀರಿಕೊಂಡದ್ದು 1939ರಲ್ಲಿ. 50 ವರ್ಷದ ಲೆಕ್ಕದಲ್ಲೇ ಅವರ ನಾಟಕಗಳು 1989ರ ಕೊನೆಗೆ ಎಲ್ಲರ ಸ್ವತ್ತಾದವು. ಕೈಲಾಸಂ 1946ರಲ್ಲಿ ತೀರಿಕೊಂಡರು. ಹತ್ತು ವರ್ಷ ಹೆಚ್ಚುವರಿ ಸಿಕ್ಕಿ 2006ರವರೆಗೆ ಹಕ್ಕು ಉಳಿಯಿತು. ಗುಬ್ಬಿ ಕಂಪನಿಗೆ ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳು ತೀರಿಕೊಂಡದ್ದು 1961ರಲ್ಲಿ. ಲೆಕ್ಕ 2021ಕ್ಕೆ ಮುಗಿಯಿತು. ಒಂದು ವಿಷಯ ಗಮನಿಸಬೇಕು: ಕಥೆ ಪುರಾಣದ್ದಾದರೂ ಅದನ್ನು ನಾಟಕವಾಗಿ ಬರೆದ ಮಾತು, ಪದ್ಯಗಳು ಬರೆದವರವು. ಮಹಾಭಾರತ ಎಲ್ಲರದು, ಒಬ್ಬರು ಬರೆದ 'ಕುರುಕ್ಷೇತ್ರ' ಎಲ್ಲರದಲ್ಲ.

ಇದನ್ನು ಮನದಟ್ಟು ಮಾಡಿದ ಮೊಕದ್ದಮೆಯೊಂದು ನಮ್ಮ ಕರಾವಳಿಯಲ್ಲೇ ನಡೆಯಿತು. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಬ್ಯಾಲೆಗಳನ್ನು ರಚಿಸಿದ್ದರು. 1994ರ ಉಯಿಲಿನಲ್ಲಿ ತಮ್ಮ ಕೃತಿಸ್ವಾಮ್ಯವನ್ನು ಮಾಲಿನಿ ಮಲ್ಯ ಅವರಿಗೆ ಕೊಟ್ಟು, 1997ರಲ್ಲಿ ತೀರಿಕೊಂಡರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್‌ನ ಯಕ್ಷಗಾನ ತಂಡ 2001ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಪ್ರದರ್ಶಿಸಿತು. ಅನುಮತಿ ಪಡೆದಿಲ್ಲವೆಂದು ಮಾಲಿನಿ ಮಲ್ಯ ಉಡುಪಿಯ ನ್ಯಾಯಾಲಯಕ್ಕೆ ಹೋದರು. ನಮ್ಮ ಸಂಸ್ಥೆಯಲ್ಲಿ, ನಮ್ಮ ನೆರವಿನಿಂದ ರೂಪುಗೊಂಡ ಪ್ರಯೋಗವಿದು ಎಂಬ ಸಂಸ್ಥೆಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಹೈಕೋರ್ಟಿನಲ್ಲೂ ಅವರೇ ಗೆದ್ದರು. ಸುಪ್ರೀಂ ಕೋರ್ಟು 2009ರ ಜನವರಿಯಲ್ಲಿ ಹಕ್ಕು ಅವರದೇ ಎಂದಿತು. ಜೊತೆಗೇ ಇನ್ನೊಂದು ಮಾತು ಸೇರಿಸಿತು: ಕಾಯಿದೆಯ 52ನೇ ಕಲಮಿನ ವಿನಾಯಿತಿಗಳು ಈ ಸಂಸ್ಥೆಗೂ ಇವೆ.

ಆ ವಿನಾಯಿತಿಗಳೇ ನಮ್ಮ ಹಳ್ಳಿಯ ನಾಟಕಕ್ಕೆ ನೆರಳು. ಹವ್ಯಾಸಿ ಸಂಘವೊಂದು ಟಿಕೆಟ್ಟಿಲ್ಲದೆ ಆಡಿದರೆ, ಅಥವಾ ಧಾರ್ಮಿಕ ಸಂಸ್ಥೆಯೊಂದರ ನೆರವಿಗಾಗಿ ಆಡಿದರೆ ಅದು ಹಕ್ಕಿನ ಉಲ್ಲಂಘನೆಯಲ್ಲ. ಧಾರ್ಮಿಕ ವಿಧಿಗೂ, ಮದುವೆಯ ದಿಬ್ಬಣದ ಹಾಡಿಗೂ ವಿನಾಯಿತಿ ಉಂಟು. ಆದ್ದರಿಂದ ಯಲಿಯೂರಿನವರು ಜಾತ್ರೆಯಲ್ಲಿ ಊರವರಿಗೆ ಪುಕ್ಕಟೆ ತೋರಿಸುವ ನಾಟಕಕ್ಕೆ ಹೆದರಬೇಕಾದ್ದಿಲ್ಲ. ಆದರೆ ಯುವಕ ಸಂಘದ ನಿಧಿಗೆಂದು ಟಿಕೆಟ್ ಇಟ್ಟರೆ, ಹಕ್ಕಿನ ಅವಧಿ ಮುಗಿಯದ ಕೃತಿಗೆ ಅನುಮತಿ ಬೇಕು. ಅದನ್ನು ಚಿತ್ರೀಕರಿಸಿ ಟಿ.ವಿ.ಯಲ್ಲಿಯೋ ಮೊಬೈಲಿನಲ್ಲಿಯೋ ಊರಿಗೆಲ್ಲ ಹಂಚುವುದಕ್ಕೆ ಆ ವಿನಾಯಿತಿ ಒದಗುವುದಿಲ್ಲ. ನಮ್ಮ ಟೇಪು ಕಪಾಟಿನಲ್ಲಿ ಉಳಿದದ್ದು ಇದಕ್ಕಾಗಿಯೇ.

ಪಾತ್ರಧಾರಿಗೂ ಹಕ್ಕಿದೆ ಎಂಬುದು ಹಲವರಿಗೆ ತಿಳಿಯದು. 1994ರ ತಿದ್ದುಪಡಿ ಹಾಡುವವರಿಗೂ ಅಭಿನಯಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. ಮೊದಲು 25 ವರ್ಷವಿದ್ದದ್ದು 1999ರಲ್ಲಿ 50 ಆಯಿತು. ಚಿತ್ರಗೀತೆಗಳ ಕವಿ, ಸಂಗೀತಕಾರರಿಗೆ ಚಿತ್ರಮಂದಿರದ ಹೊರಗಿನ ಬಳಕೆಯ ರಾಯಲ್ಟಿಯಲ್ಲಿ ಬಿಟ್ಟುಕೊಡಲಾಗದ ಪಾಲು ದೊರೆತದ್ದು 2012ರಲ್ಲಿ. ನಮ್ಮ ದುರ್ಯೋಧನನೂ ಕಾನೂನಿನ ಕಣ್ಣಿನಲ್ಲಿ ಹಕ್ಕುಳ್ಳ ಕಲಾವಿದನೇ.

ಕೊನೆಯದಾಗಿ, ಹಣಕ್ಕೆ ಸಂಬಂಧಿಸದ ಒಂದು ಹಕ್ಕು. ಕೃತಿಯ ಹಕ್ಕನ್ನು ಮಾರಿಬಿಟ್ಟ ಮೇಲೂ 'ಇದು ನನ್ನ ಕೃತಿ' ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. 57ನೇ ಕಲಮು ಹಾಗೆನ್ನುತ್ತದೆ. ಇದನ್ನು ಸಲ್ಲಿಸಲು ಯಾವ ಖರ್ಚೂ ಇಲ್ಲ. ಮುಂದಿನ ಜಾತ್ರೆಗೆ ಕರಪತ್ರ ಅಚ್ಚು ಹಾಕಿಸುವಾಗ, 'ನಾಟಕ ರಚನೆ' ಎಂದು ಒಂದು ಸಾಲು ಸೇರಿಸಿ. ಹೆಸರು ಗೊತ್ತಿಲ್ಲದಿದ್ದರೆ ಮೇಷ್ಟ್ರನ್ನು ಕೇಳಿ, ಅವರ ಹಳೆಯ ನೋಟುಪುಸ್ತಕವನ್ನು ತೆರೆಸಿ, ಅಚ್ಚಾದ ನಾಟಕದ ಪುಸ್ತಕ ಸಿಕ್ಕರೆ ಮೊದಲ ಪುಟ ನೋಡಿ. ಹೂವಿನ ಹಾರ ಕೊಟ್ಟವರಿಗೆ ಸಿಗುವ ಒಂದು ಸಾಲು, ಮಾತು ಕೊಟ್ಟವರಿಗೂ ಸಿಗಲಿ. ಹೆಸರು ಸಿಕ್ಕ ದಿನ ನಾನೂ ಕಪಾಟಿನಿಂದ ಆ ಟೇಪನ್ನು ಹೊರತೆಗೆಯಬಹುದು.