ನ್ಯಾಯಾಧೀಶರಿಗೆ ಓಟು ಬೇಡ, ನ್ಯಾಯಕ್ಕೆ ಕನ್ನಡ ಬೇಕು

(ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತ ಗ್ರಾಮ ಪಂಚಾಯ್ತಿಗೆ ಓಟು ಹಾಕುತ್ತಾನೆ. ಸೊಸೈಟಿಗೆ ಹಾಕುತ್ತಾನೆ. ಶೇರುದಾರನಾಗಿದ್ದರೆ ಸಕ್ಕರೆ ಕಾರ್ಖಾನೆಗೂ ಹಾಕುತ್ತಾನೆ. ಆದರೆ ಅವನ ಹೊಲದ ದಾವೆ ತೀರ್ಮಾನಿಸುವ ನ್ಯಾಯಾಧೀಶರನ್ನು ಅವನು ಆರಿಸುವುದಿಲ್ಲ. ಆರಿಸಬೇಕೇ? ಹಾಗೆ ಮಾಡಿ ನೋಡಿದ ದೇಶವೊಂದಿದೆ.

ಅಮೆರಿಕ! 1832ರಲ್ಲಿ ಮಿಸಿಸಿಪ್ಪಿ ರಾಜ್ಯ ತನ್ನ ಎಲ್ಲ ನ್ಯಾಯಾಧೀಶರನ್ನೂ, ರಾಜ್ಯದ ಅತ್ಯುನ್ನತ ನ್ಯಾಯಾಲಯದವರನ್ನೂ ಸೇರಿಸಿ, ಚುನಾವಣೆಯಿಂದಲೇ ಆರಿಸಲು ಹೊರಟಿತು. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು. ಹಿಂದೆಯೇ ಹಲವು ರಾಜ್ಯಗಳು ಬಂದವು. ಅಧಿಕಾರದಲ್ಲಿರುವವರು ತಮ್ಮವರನ್ನೇ ಪೀಠಕ್ಕೆ ಏರಿಸುತ್ತಾರೆಂಬ ಸಿಟ್ಟು ಜನರಲ್ಲಿತ್ತು. ಆದರೆ ಯಾವ ಜನ? ಮಿಸಿಸಿಪ್ಪಿಯಲ್ಲಿ ಓಟು ಬಿಳಿಯ ಗಂಡಸರಿಗೆ ಮಾತ್ರ. ಗುಲಾಮನ ನ್ಯಾಯಾಧೀಶನನ್ನು ಆರಿಸಿದವನು ಅವನ ಒಡೆಯ! ಮುಂದೆ ನ್ಯಾಯಪೀಠದೊಳಕ್ಕೂ ಪಕ್ಷ, ಪ್ರಚಾರ, ಹಣ ನುಗ್ಗಿದವು. 1940ರಲ್ಲಿ ಮಿಸೌರಿ ರಾಜ್ಯ ತನ್ನ ಸುಪ್ರೀಂ ಕೋರ್ಟಿಗೆ ಎದುರಾಳಿಗಳ ಪೈಪೋಟಿಯ ಚುನಾವಣೆಯನ್ನೇ ಕೈಬಿಟ್ಟಿತು.

ಆ ಶತಮಾನದಲ್ಲಿ ನಮ್ಮವರ ಗತಿ? ಗೋಕಾಕ, ಹುಕ್ಕೇರಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1862ರಲ್ಲಿ ಮುಂಬಯಿ ಹೈಕೋರ್ಟ್ ಆರಂಭವಾಯಿತು. ಅದರ ನ್ಯಾಯಾಧೀಶರನ್ನು ನೇಮಿಸಿದವಳು ಇಂಗ್ಲೆಂಡಿನ ರಾಣಿ. 1956ರ ಏಕೀಕರಣದಿಂದ ಮೇಲ್ಮನವಿ ಬೆಂಗಳೂರಿಗೆ ಬಂತು. 2008ರಲ್ಲಿ ಧಾರವಾಡದಲ್ಲೇ ಪೀಠ ಶುರುವಾಯಿತು, 2013ರಲ್ಲಿ ಕಾಯಂ ಆಯಿತು. ಕೋರ್ಟು ಹತ್ತಿರ ಬಂತು. ಭಾಷೆ ಬಂತೇ?

ಸಂವಿಧಾನದ 348ನೇ ವಿಧಿ ಹೈಕೋರ್ಟಿಗೆ ಇಂಗ್ಲಿಷ್ ಎನ್ನುತ್ತದೆ. ರಾಷ್ಟ್ರಪತಿಯ ಒಪ್ಪಿಗೆ ಪಡೆದು ರಾಜ್ಯಪಾಲರು ರಾಜ್ಯದ ಭಾಷೆಗೂ ಅವಕಾಶ ಕೊಡಬಹುದು ಎಂದೂ ಹೇಳುತ್ತದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಕ್ಕೆ ಹಿಂದಿ ಸಿಕ್ಕಿತು. ಕರ್ನಾಟಕವೂ ಕನ್ನಡ ಕೇಳಿತು. 2012ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಪೂರ್ಣ ಸಭೆ ಒಪ್ಪಲಿಲ್ಲ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ?

ನ್ಯಾಯಾಧೀಶರು ಓಟಿಗೆ ಅಂಜಬಾರದು, ನಿಜ. ಹಾಗಾದರೆ ಜನ ಅವರನ್ನು ಅಳೆಯುವುದು ಯಾವುದರಿಂದ? ತೀರ್ಪಿನಲ್ಲಿ ಬರೆದ ಕಾರಣಗಳಿಂದ. ಓದಲು ಬಾರದ ತೀರ್ಪನ್ನು ಅಳೆಯುವುದು ಹೇಗೆ?

ಕೆಳಗಿನ ಕೋರ್ಟುಗಳ ಭಾಷೆ ನಿರ್ಧರಿಸುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಕ್ರಿಮಿನಲ್ ಕೇಸಿನ ಆರೋಪಿ ಕೇಳಿದರೆ, ಸಾಧ್ಯವಿದ್ದಲ್ಲಿ, ತೀರ್ಪಿನ ಅನುವಾದವನ್ನು ಅವನ ಭಾಷೆಯಲ್ಲೇ ಕೊಡಬೇಕೆಂದು ಕಾನೂನಿದೆ. ಕೇಳುವವರು ಬೇಕು!

ಕಾನೂನು ಓದುತ್ತಿರುವ ತರುಣ ತರುಣಿಯರೇ, ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲೇ ದಾವೆ ಬರೆಯಿರಿ, ಕನ್ನಡದಲ್ಲೇ ವಾದಿಸಿ. ಹೈಕೋರ್ಟಿಗೂ ಕನ್ನಡ ಬೇಕೆಂದು ಹಕ್ಕೊತ್ತಾಯ ಮಾಡುವಂತೆ ನಿಮ್ಮ ಶಾಸಕರನ್ನು ತಡೆದು ನಿಲ್ಲಿಸಿ ಕೇಳಿ. ನ್ಯಾಯಾಧೀಶರಿಗೆ ನಿಮ್ಮ ಓಟು ಬೇಡದಿರಬಹುದು. ಶಾಸಕರಿಗಂತೂ ಬೇಕು!