ಉಣ್ಣದೆ ಉಳಿಸಿದ ಬೀಜ

ಬದನೆ ಎಂಬ ಹೆಸರು ಒಂದೇ. ಆದರೆ ಉಡುಪಿಯ ಕಡೆಯ ಮಟ್ಟುಗುಳ್ಳ ದುಂಡಗೆ, ಹಸುರಾಗಿರುತ್ತದೆ. ಇನ್ನೊಂದು ಊರಿನದು ನೀಳವಾಗಿ ನೇರಳೆಬಣ್ಣ. ಮತ್ತೊಂದು ಕೋಳಿಮೊಟ್ಟೆಯಂತೆ ಬೆಳ್ಳಗೆ. ಮೈಸೂರಿನವರನ್ನು ಕೇಳಿದರೆ ಈರನಗೆರೆಯ ಬದನೆ ಬೀಳದ ವಾಂಗಿಬಾತು ವಾಂಗಿಬಾತೇ ಅಲ್ಲವೆಂದಾರು. ಈ ಭೇದಗಳನ್ನೆಲ್ಲ ನಾವು ನಾಲಗೆಯ ವಿಷಯವೆಂದು ತಿಳಿದು ಸುಮ್ಮನಾಗುತ್ತೇವೆ. ಇಂಥ ಭೇದಗಳೇ ಮನುಷ್ಯಕುಲದ ಆಸ್ತಿ, ಇವನ್ನು ಕಳೆದುಕೊಂಡರೆ ಅನ್ನವನ್ನೇ ಕಳೆದುಕೊಂಡಂತೆ ಎಂದು ಅರಿತು, ಅವನ್ನು ಕೂಡಿಡುವುದಕ್ಕೆ ಬಾಳನ್ನೇ ಸವೆಸಿದ ಒಬ್ಬ ವಿಜ್ಞಾನಿಯ ಸಂಗತಿಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಆತನ ಹೆಸರು ನಿಕೊಲಾಯ್ ಇವಾನೊವಿಚ್ ವಾವಿಲೋವ್.

ವಾವಿಲೋವರು 1887ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದರು. ವ್ಯವಸಾಯ ವಿಜ್ಞಾನವನ್ನು ಓದಿ, ಇಂಗ್ಲೆಂಡಿಗೆ ಹೋಗಿ ಬೇಟ್ಸನ್ ಎಂಬ ವಿದ್ವಾಂಸರಲ್ಲಿ ಅನುವಂಶೀಯತೆಯ ಶಾಸ್ತ್ರವನ್ನು ಕಲಿತು ಬಂದರು. ವೋಲ್ಗಾ ನದಿಯ ದಡದ ಸರಾಟೊವ್‌ನಲ್ಲಿ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದರು. 1921-22ರಲ್ಲಿ ಆ ವೋಲ್ಗಾ ಸೀಮೆಯಲ್ಲಿಯೇ ಘೋರ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಆ ಹೊತ್ತಿಗೆ ವಾವಿಲೋವರು ಪೆಟ್ರೊಗ್ರಾಡಿನ, ಎಂದರೆ ಮುಂದೆ ಲೆನಿನ್‌ಗ್ರಾಡ್ ಎನಿಸಿಕೊಂಡ ನಗರದ, ಸಸ್ಯಶಾಸ್ತ್ರ ಸಂಸ್ಥೆಯ ಹೊಣೆಯನ್ನು ಹೊತ್ತಿದ್ದರು. ಚಳಿಗೆ ಬಗ್ಗದ, ಬರಕ್ಕೆ ಬಾಡದ, ತುಕ್ಕುರೋಗಕ್ಕೆ ತುತ್ತಾಗದ ಪೈರು ಬೇಕು. ಅಂಥ ಗುಣವನ್ನು ಗಾಜಿನ ನಳಿಗೆಯಲ್ಲಿ ಮಾಡಿಕೊಳ್ಳುವುದು ಆ ದಿನಗಳಲ್ಲಿ ಆಗದ ಮಾತು. ಅದು ಎಲ್ಲೋ, ಯಾರದೋ ಹೊಲದಲ್ಲಿ ಆಗಲೇ ಇರಬೇಕು, ಹುಡುಕಿ ತರಬೇಕು.

ಹುಡುಕಿದರು, ನೋಡಿ! 1916ರಲ್ಲಿಯೇ ಇರಾನನ್ನೂ ಪಾಮಿರ್ ಬೆಟ್ಟಗಳನ್ನೂ ಸುತ್ತಿ ಬಂದಿದ್ದವರು 1924ರಲ್ಲಿ ಆಫ್ಘಾನಿಸ್ಥಾನಕ್ಕೆ ಹೋದರು. ಆಮೇಲೆ ಇಥಿಯೋಪಿಯ, ಜಪಾನ್, ಮೆಕ್ಸಿಕೊ, ಆಂಡೀಸ್ ಪರ್ವತಗಳು. ಹೋದಲ್ಲೆಲ್ಲ ಸಂತೆಗೆ ಹೋಗಿ ಹಿಡಿ ಹಿಡಿ ಕಾಳು ಕೊಳ್ಳುವುದು, ಹೊಲಕ್ಕೆ ಹೋಗಿ ತೆನೆ ಕೀಳುವುದು, ರೈತನನ್ನು ಮಾತಿಗೆಳೆಯುವುದು, ಇದೇ ಕೆಲಸ.

ಈ ತಿರುಗಾಟದಲ್ಲಿ ಕಂಡದ್ದೊಂದನ್ನು ಹೇಳಬೇಕು. ಇರಾನ್, ಆಫ್ಘಾನಿಸ್ಥಾನಗಳ ಕಡೆ ಗೋದಿಯ ಹೊಲದಲ್ಲಿ ‘ರೈ’ ಎಂಬ ಧಾನ್ಯ ಕಳೆಯಾಗಿ ಹುಟ್ಟುತ್ತದೆ. ಗೋದಿಯನ್ನು ಪೀಡಿಸುವ ಗಿಡ ಎಂಬರ್ಥದ ಹೆಸರೇ ಅಲ್ಲಿನ ಜನರ ಬಾಯಲ್ಲಿ ಅದಕ್ಕಿತ್ತು. ಆದರೆ ಬೆಟ್ಟ ಹತ್ತುತ್ತ ಹೋದಂತೆ ಚಳಿಯೇರಿ ಗೋದಿ ಸೊರಗುತ್ತದೆ, ಕಳೆ ಮಾತ್ರ ಬಲಿಯುತ್ತದೆ. ಇನ್ನೂ ಮೇಲೆ ಹೋದರೆ ಹೊಲದ ತುಂಬ ಅದೇ! ರೈತನೇನು ಮಾಡಿಯಾನು? ಕಿತ್ತೆಸೆಯುತ್ತಿದ್ದ ಕಳೆಯನ್ನೇ ಕೊಯ್ದು ರೊಟ್ಟಿ ಮಾಡಿಕೊಂಡನು. ರಷ್ಯದ ಬಡವರ ಕರಿ ರೊಟ್ಟಿಯ ಧಾನ್ಯ ಹುಟ್ಟಿದ್ದು ಹೀಗೆ ಎಂದು ವಾವಿಲೋವರು ತೋರಿಸಿಕೊಟ್ಟರು. ಕಳೆಗೂ ಬೆಳೆಗೂ ನಡುವಣ ಗೆರೆ ನಾವೆಣಿಸಿದಷ್ಟು ಗಟ್ಟಿಯಲ್ಲ.

ಊರೂರು ತಿರುಗಿದ ಮೇಲೆ ಅವರಿಗೆ ಇನ್ನೊಂದು ಹೊಳೆಯಿತು. ಒಂದು ಬೆಳೆಯ ಬಗೆಗಳು ಲೋಕದಲ್ಲೆಲ್ಲ ಒಂದೇ ಸಮನಾಗಿ ಹರಡಿಲ್ಲ. ಕೆಲವೇ ಬೆಟ್ಟಗಾಡಿನ ಸೀಮೆಗಳಲ್ಲಿ ಗುಂಪುಗೂಡಿವೆ. ಎಲ್ಲಿ ಬಗೆ ಹೆಚ್ಚೋ ಅದೇ ಆ ಬೆಳೆಯ ತವರೆಂದು 1926ರಲ್ಲಿ ಅವರು ಬರೆದರು. ಮುಸುಕಿನ ಜೋಳಕ್ಕೆ ಮೆಕ್ಸಿಕೊ, ಆಲೂಗೆಡ್ಡೆಗೆ ಆಂಡೀಸ್ ತವರು. ಬದನೆ, ಸೌತೆ, ಮಾವುಗಳಿಗೆ ನಮ್ಮ ಭಾರತ. ಈ ಸೂತ್ರ ಎಲ್ಲ ಬೆಳೆಗೂ ಹೊಂದದು. ಇಥಿಯೋಪಿಯದಲ್ಲಿ ಬಾರ್ಲಿಯ ಬಗೆಗಳು ಬಹಳವಾದರೂ ಬಾರ್ಲಿ ಹುಟ್ಟಿದ್ದು ಪಶ್ಚಿಮ ಏಷ್ಯದಲ್ಲಿ ಎಂದು ಅವರ ತರುವಾಯ ತಿಳಿದುಬಂದಿದೆ. ಆದರೂ ಎಲ್ಲಿ ಹೋಗಿ ಹುಡುಕಬೇಕೆಂಬುದಕ್ಕೆ ದಾರಿ ಮಾಡಿಕೊಟ್ಟವರು ಅವರೇ.

ಇಷ್ಟೆಲ್ಲ ಬಗೆಗಳನ್ನು ಕೂಡಿಟ್ಟು ಏನು ಫಲ, ಒಳ್ಳೆಯದೊಂದನ್ನು ಆರಿಸಿಕೊಂಡು ಎಲ್ಲೆಡೆ ಬಿತ್ತಿದರೆ ಸಾಲದೆ ಎಂದು ನೀವು ಕೇಳಬಹುದು. ಐರ್ಲೆಂಡಿನ ಬಡವರು ಹಾಗೆಯೇ ಹೆಚ್ಚಾಗಿ ಒಂದೇ ತಳಿಯ ಆಲೂಗೆಡ್ಡೆಯನ್ನು ನೆಚ್ಚಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂದಾಗ ಅದನ್ನು ತಡೆಯುವ ಗುಣ ಯಾವ ಹೊಲದಲ್ಲಿಯೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ನಮಗೆ ಹತ್ತಿರದ ಇನ್ನೊಂದು ನಿದರ್ಶನ ಬತ್ತದ್ದು. 1970ರ ಸುಮಾರಿನಲ್ಲಿ ಏಷ್ಯದ ಗದ್ದೆಗಳಿಗೆ ಒಂದು ನಂಜುರೋಗ ಬಿದ್ದಿತು. ಕಂದು ಜಿಗಿಹುಳು ಅದನ್ನು ಹರಡುತ್ತದೆ; ಪೈರು ಕುಳ್ಳಾಗಿ, ಹುಲ್ಲಿನ ಪೊದೆಯಂತೆ ಕವಲೊಡೆದು, ಕಾಳು ಕಟ್ಟದು. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ರೋಗವನ್ನು ತಡೆದದ್ದು ಒಂದೇ ಒಂದು: ಉತ್ತರ ಪ್ರದೇಶದಿಂದ ಸಂಗ್ರಹಿಸಿದ್ದ ಕಾಡುಬತ್ತ, ಯಾರೂ ಉಣ್ಣಲೊಲ್ಲದ ಹುಲ್ಲು! ಅದರ ಗುಣವನ್ನು ಕೂಡಿಸಿಕೊಂಡು 1976ರಲ್ಲಿ ಹೊರಬಂದ ಐಆರ್-36 ಎಂಬ ತಳಿ ಮುಂದೆ ಒಂದು ಕೋಟಿ ಹೆಕ್ಟೇರಿಗೂ ಮಿಕ್ಕಿ ಹರಡಿತು. ಆ ಹುಲ್ಲನ್ನು ಯಾರೋ ಪುಣ್ಯಾತ್ಮರು ಕಿತ್ತು ತಂದಿಡದಿದ್ದರೆ?

ಮತ್ತೆ ಲೆನಿನ್‌ಗ್ರಾಡಿಗೆ ಬರೋಣ. 1940ರ ವೇಳೆಗೆ ವಾವಿಲೋವರ ಸಂಸ್ಥೆಯಲ್ಲಿ ಸುಮಾರು ಎರಡೂವರೆ ಲಕ್ಷ ಮಾದರಿಗಳು ಸೇರಿದ್ದವು. ಲೋಕದಲ್ಲಿ ಅಂಥ ಬೀಜದ ಕಣಜ ಬೇರೆ ಇರಲಿಲ್ಲ. ಆದರೆ ಅಷ್ಟರಲ್ಲಿ ಲೈಸೆಂಕೊ ಎಂಬಾತನು ಅನುವಂಶೀಯತೆಯ ಶಾಸ್ತ್ರವೇ ಸುಳ್ಳು, ಗಿಡವನ್ನು ಪಳಗಿಸಿ ಬೇಕಾದ ಗುಣ ಬರಿಸಬಹುದು, ಬೇಗನೆ ಬೆಳೆ ಹೆಚ್ಚಿಸಬಹುದು ಎಂದು ಸಾರಿ ಸ್ಟಾಲಿನ್ನನ ಕೃಪೆಗೆ ಪಾತ್ರನಾಗಿದ್ದನು. ಹಸಿದ ರಾಜ್ಯಕ್ಕೆ ‘ಬೇಗನೆ’ ಎಂಬ ಮಾತು ಬಲು ಹಿತ. ವಾವಿಲೋವರು ತಮ್ಮ ಮಾತನ್ನು ಬಿಡಲಿಲ್ಲ. 1940ರ ಆಗಸ್ಟ್ 6ರಂದು ಪಶ್ಚಿಮ ಉಕ್ರೇನಿನಲ್ಲಿ ಸಸ್ಯಸಂಗ್ರಹಕ್ಕೆ ಹೋಗಿದ್ದಾಗಲೇ ಅವರನ್ನು ಬಂಧಿಸಿದರು. ವ್ಯವಸಾಯಕ್ಕೆ ದ್ರೋಹ ಮಾಡಿದರೆಂಬುದು ಆರೋಪ! ಮರಣದಂಡನೆ ವಿಧಿಸಿ, ಆಮೇಲೆ ಇಪ್ಪತ್ತು ವರ್ಷದ ಸೆರೆಗೆ ಇಳಿಸಿದರು.

1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಲೆನಿನ್‌ಗ್ರಾಡಿಗೆ ಮುತ್ತಿಗೆ ಹಾಕಿತು. ಹರ್ಮಿಟೇಜ್ ವಸ್ತುಸಂಗ್ರಹಾಲಯದ ಹತ್ತು ಲಕ್ಷಕ್ಕೂ ಹೆಚ್ಚು ಕಲಾವಸ್ತುಗಳನ್ನು ಮೊದಲೇ ರೈಲಿನಲ್ಲಿ ಸಾಗಿಸಿದ್ದರು. ಬೀಜಗಳು ಬಹುಮಟ್ಟಿಗೆ ಅಲ್ಲಿಯೇ ಉಳಿದವು. ಆ ಚಳಿಗಾಲದಲ್ಲಿ ಊರಿನ ಬಹುಮಂದಿಗೆ ದಿನಕ್ಕೆ ಸಿಗುತ್ತಿದ್ದುದು 125 ಗ್ರಾಂ ರೊಟ್ಟಿ, ಅದೂ ಕಲಬೆರಕೆಯದು. ಸಂಸ್ಥೆಯ ಕಟ್ಟಡದಲ್ಲಿ ನೌಕರರ ಸುತ್ತ ಟನ್ನುಗಟ್ಟಲೆ ಗೋದಿ, ಬತ್ತ, ಕಡಲೆ. ಇಲಿಗಳ ಕಾಟಕ್ಕೆ ತಗಡಿನ ಡಬ್ಬಗಳಲ್ಲಿ ತುಂಬಿ ಅವನ್ನು ಕಾದರು. ಪಾವ್ಲೊವ್‌ಸ್ಕಿನ ಹೊಲದಿಂದ ಗುಂಡಿನ ಮಳೆಯ ನಡುವೆ ಅಗೆದು ತಂದ ಆಲೂಗೆಡ್ಡೆ ಹೆಪ್ಪುಗಟ್ಟಬಾರದೆಂದು ಸಿಕ್ಕಿದ ಮರವನ್ನೆಲ್ಲ ನೆಲಮಾಳಿಗೆಯಲ್ಲಿ ಉರಿಸಿದರು.

ನೆಲಗಡಲೆಯ ತಜ್ಞ ಅಲೆಕ್ಸಾಂಡರ್ ಶ್ಚೂಕಿನ್ ತಮ್ಮ ಮೇಜಿನ ಬಳಿಯೇ ಸತ್ತರು. ಬತ್ತದ ತಜ್ಞ ದ್ಮಿತ್ರಿ ಇವಾನೊವ್ ಹಸಿವಿನಿಂದ ಪ್ರಾಣ ಬಿಟ್ಟಾಗ ಅವರ ವಶದಲ್ಲಿ ಸಾವಿರಾರು ಪೊಟ್ಟಣ ಬತ್ತವಿತ್ತು. ಓಟ್ಸ್ ಧಾನ್ಯವನ್ನು ನೋಡಿಕೊಳ್ಳುತ್ತಿದ್ದ ಲಿಲಿಯಾ ರೊದಿನಾ ಹಾಗೆಯೇ ಹೋದರು, ಇನ್ನೂ ಹಲವರು. ಆಲೂಗೆಡ್ಡೆಯನ್ನು ಕಾದು ಬದುಕಿ ಉಳಿದ ಲೆಖ್ನೊವಿಚ್ ಎಂಬವರನ್ನು ಮುಂದೊಮ್ಮೆ ಕೇಳಿದಾಗ, ಬೆಳಗ್ಗೆ ಏಳುವುದು ಕಷ್ಟವಾಗಿತ್ತು, ಕೈಕಾಲು ಆಡಿಸುವುದು ಕಷ್ಟವಾಗಿತ್ತು, ಸಂಗ್ರಹವನ್ನು ತಿನ್ನದೆ ಇರುವುದು ಮಾತ್ರ ಏನೂ ಕಷ್ಟವಾಗಲಿಲ್ಲ ಎಂಬ ಅರ್ಥದ ಮಾತನ್ನು ಹೇಳಿದರು. ನಮ್ಮ ಹಳ್ಳಿಗಳಲ್ಲಿ ಸೋರೆಬುರುಡೆಯೊಳಗೆ ಬೂದಿ ಬೆರೆಸಿ ಬಿತ್ತನೆಯ ಕಾಳನ್ನು ಕಟ್ಟಿಡುತ್ತಿದ್ದ ಅಜ್ಜಿಯರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಲಾರದು.

ವಾವಿಲೋವರು 1943ರ ಜನವರಿ 26ರಂದು ತಾವು ಪಾಠ ಹೇಳಿದ ಸರಾಟೊವ್ ಊರಿನ ಸೆರೆಮನೆಯಲ್ಲೇ ತೀರಿಕೊಂಡರು. ಲೋಕದ ಹಸಿವು ನೀಗಬೇಕೆಂದು ತಿರುಗಿದ ಆ ಮನುಷ್ಯ ಹೊಟ್ಟೆಗಿಲ್ಲದೆ ಕೃಶವಾಗಿದ್ದರು. ಮುತ್ತಿಗೆ ಮುಗಿದದ್ದು ಮರುವರ್ಷದ ಜನವರಿ 27ರಂದು. 1955ರಲ್ಲಿ ಅವರು ನಿರಪರಾಧಿಯೆಂದು ಸರಕಾರ ಒಪ್ಪಿತು. ಇಂದು ಆ ಸಂಸ್ಥೆಗೆ ಅವರದೇ ಹೆಸರು. ಮಾದರಿಗಳು ಮೂರು ಲಕ್ಷ ಮೀರಿವೆ. ಬೀಜವನ್ನು ಸುಮ್ಮನೆ ಇಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಆದ್ದರಿಂದ ಒಂದೊಂದು ಪೊಟ್ಟಣವನ್ನೂ ಆಗಾಗ ಬಿಚ್ಚಿ, ಬಿತ್ತಿ, ಬೆಳೆದು, ಹೊಸ ಕಾಳನ್ನು ಮತ್ತೆ ತುಂಬಿಡುತ್ತಾರೆ.