ಕಲಿಸುವವರ ಕಲಿಕೆ

(ಶತಮಾನೋತ್ಸವದ ಅಂಗವಾಗಿ ನಡೆದ ಶಿಕ್ಷಣ ಗೋಷ್ಠಿಯಲ್ಲಿ ಆಳಂದದ ಶಿಕ್ಷಕ ಬಳಗದ ಪರವಾಗಿ ಮಾಡಿದ ಭಾಷಣದ ಪಾಠ)



ನಿಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ದೂರದ ಆಳಂದದಿಂದ ಬಂದ ನಮ್ಮನ್ನು ಮನೆಯವರಂತೆ ಬರಮಾಡಿಕೊಂಡಿರಿ. ಅದಕ್ಕಾಗಿ ನಮ್ಮೆಲ್ಲರ ವಂದನೆಗಳು. ನೂರರ ನೆನಪಿಗೆ ಗೋಪುರವನ್ನೊ ಮಂಟಪವನ್ನೊ ಕಟ್ಟಿಸದೆ, ಶಾಲೆ ಬಿಟ್ಟ ಯುವಕ ಯುವತಿಯರಿಗಾಗಿ ಒಂದು ಸಮುದಾಯ ಕಾಲೇಜನ್ನು ತೆರೆಯಬೇಕೆಂದು ನೀವು ಸಂಕಲ್ಪ ಮಾಡಿರುವಿರಿ. ಹೊಲಿಗೆ ಯಂತ್ರಗಳು ಎಷ್ಟು ಬೇಕಾದಾವು, ಗಣಕಯಂತ್ರಗಳು ಎಷ್ಟು ಬೇಕಾದಾವು ಎಂದು ನಿಮ್ಮ ಸಮಿತಿಯ ಪತ್ರದಲ್ಲಿ ನಮ್ಮನ್ನು ಕೇಳಿದ್ದಿರಿ. ಅದಕ್ಕೆ ಉತ್ತರ ಹೇಳಲೆಂದೇ ಬಂದಿದ್ದೇವೆ. ಹತ್ತು ಯಂತ್ರಗಳನ್ನು ಕೊಳ್ಳಬೇಕೆಂದು ಯೋಚಿಸಿದ್ದರೆ ಏಳನ್ನು ಕೊಳ್ಳಿರಿ. ಉಳಿದ ಮೂರರ ಹಣವನ್ನು ಆ ಯಂತ್ರಗಳ ಪಕ್ಕದಲ್ಲಿ ನಿಂತು ಕಲಿಸುವವರ ಕಲಿಕೆಗೆಂದು ತೆಗೆದಿಡಿರಿ.

ಈ ಮಾತು ನಿಮಗೆ ವಿಚಿತ್ರವಾಗಿ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ನಮ್ಮ ಮನಸ್ಸು ಬದಲಾದದ್ದು ಒಬ್ಬ ಹುಡುಗಿಯ ದೆಸೆಯಿಂದ.

ಅವಳು ಎಂಟನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ನಮ್ಮ ಹೊಲಿಗೆ ತರಗತಿಗೆ ಮೂರು ವಾರ ತಪ್ಪದೆ ಬಂದಳು. ಯಂತ್ರದ ಮೇಲೆ ಅವಳ ಕೈ ನೇರವಾಗಿ ಓಡುತ್ತಿತ್ತು. ನಾಲ್ಕನೆಯ ವಾರ ರವಿಕೆಯ ಕಟಿಂಗ್ ಆರಂಭವಾಯಿತು. ಎದೆಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಬೇಕೆಂದು ನಾವು ಹಲಗೆಯ ಮೇಲೆ ಬರೆದೆವು. ಅವಳ ಎದುರಿಗಿದ್ದ ಅಳತೆ 34 ಇಂಚು. ಪುಸ್ತಕವನ್ನು ದಿಟ್ಟಿಸುತ್ತ ಬಹಳ ಹೊತ್ತು ಕುಳಿತಳು. ಬೇಗ ಬೇಗ ಎಂದು ನಾವು ಅವಸರಪಡಿಸಿದೆವು. ಮರುದಿನ ಅವಳು ಬರಲಿಲ್ಲ. ಮೈಗೆ ಹುಷಾರಿಲ್ಲವೆಂದು ಹೇಳಿ ಕಳುಹಿಸಿದಳು. ಆ ಮೇಲೆ ಹೇಳಿಕೆಯೂ ಬರಲಿಲ್ಲ. ಒಂದು ತಿಂಗಳ ನಂತರ ವಿಚಾರಿಸಿದಾಗ, ತಂದೆತಾಯಿಯರೊಂದಿಗೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದಳೆಂದು ತಿಳಿಯಿತು. ನಮ್ಮ ಸೀಮೆಯಲ್ಲಿ ಇದು ಹೊಸತಲ್ಲ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎಷ್ಟೋ ಮನೆಗಳಿಗೆ ವರ್ಷದಲ್ಲಿ ಕೆಲವು ತಿಂಗಳು ಬೀಗ ಬಿದ್ದಿರುತ್ತದೆ. ಹುಡುಗಿಯ ದುರ್ದೈವವೆಂದು ನಾವೂ ಸುಮ್ಮನಾದೆವು.

ಮುಂದಿನ ವರ್ಷ ಶಿಕ್ಷಕರ ಕಮ್ಮಟವೊಂದಕ್ಕೆ ಹೋದೆವು. ಅಲ್ಲಿ ಹಿರಿಯ ದರ್ಜಿಯೊಬ್ಬರು ಅಳತೆಯ ಟೇಪನ್ನು ಕೈಗೆತ್ತಿಕೊಂಡು, 34ರ ಗುರುತಿನ ತನಕ ಹಿಡಿದು ಮಧ್ಯಕ್ಕೆ ಮಡಿಸಿದರು. ಹದಿನೇಳು ಬಂತು. ಇನ್ನೊಮ್ಮೆ ಮಡಿಸಿದರು. ಎಂಟೂವರೆ ಬಂತು. ಭಾಗಾಕಾರವೂ ಬೇಡ, ಪುಸ್ತಕವೂ ಬೇಡ. ನಮ್ಮಲ್ಲಿ ಕೆಲವರಿಗೆ ಆಗ ಕಣ್ಣೆತ್ತಿ ನೋಡಲಾಗಲಿಲ್ಲ. ಆ ಹುಡುಗಿಯನ್ನು ಪುಣೆಗೆ ಕಳುಹಿಸಿದ್ದು ಬಡತನವೊಂದೇ ಅಲ್ಲ. ಶಾಲೆಯಲ್ಲಿ ಅವಳನ್ನು ಸೋಲಿಸಿದ ಲೆಕ್ಕವನ್ನೇ ಹೊಲಿಗೆ ಕೋಣೆಯಲ್ಲೂ ತಂದು ಎದುರಿಗಿಟ್ಟವರು ನಾವು. ಟೇಪನ್ನು ಎರಡು ಸಲ ಮಡಿಸುವ ಉಪಾಯ ನಮಗೆ ತಿಳಿದಿರಲಿಲ್ಲ. ತಿಳಿಸಿಕೊಡುವವರೂ ಇರಲಿಲ್ಲ.

ಸಮುದಾಯ ಕಾಲೇಜು ಎಂಬ ಹೆಸರು ನಮ್ಮಲ್ಲಿ ಕೆಲವರಿಗೆ ಹೊಸದಾಗಿರಬಹುದಾದ್ದರಿಂದ ಎರಡು ಮಾತು. ಅಮೆರಿಕೆಯ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಕಾಲೇಜು ಅಲ್ಲಿನ ಇಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ಅತಿ ಹಳೆಯದು. ನಮ್ಮ ದೇಶದಲ್ಲಿ 1995ರಲ್ಲಿ ಪುದುಚೇರಿಯಲ್ಲಿ, 1996ರಲ್ಲಿ ಚೆನ್ನೈಯ ಮಹಾಧರ್ಮಾಧ್ಯಕ್ಷರ ಆಶ್ರಯದಲ್ಲಿ ಇವು ಹುಟ್ಟಿಕೊಂಡವು. ಯೇಸುಸಭೆಯ ಫಾದರ್ ಝೇವಿಯರ್ ಅಲ್ಫೋನ್ಸರು ಚೆನ್ನೈಯಲ್ಲಿ ಇದಕ್ಕೆಂದೇ ಒಂದು ಕೇಂದ್ರವನ್ನು ಮುನ್ನಡೆಸಿ, ದೇಶದ ಅನೇಕ ಕಡೆ ಇಂಥ ಕಾಲೇಜುಗಳು ಏಳಲು ಕಾರಣರಾದರು. ಬದುಕಿನ ಕೌಶಲ, ಕಸುಬಿನ ಕೌಶಲ, ಕಾರ್ಖಾನೆ ಅಂಗಡಿ ಆಸ್ಪತ್ರೆಗಳಲ್ಲಿ ಪ್ರತ್ಯಕ್ಷ ಕೆಲಸದ ಅನುಭವ, ಉದ್ಯೋಗಕ್ಕೆ ಸಿದ್ಧತೆ, ಇವು ಅವರ ಪದ್ಧತಿಯ ಅಂಗಗಳು. ಮುಂದೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ತನ್ನದೇ ಯೋಜನೆಯೊಂದನ್ನು ತಂದಿತು. ಆದರೆ ಮೂಲದ ಆಶಯವನ್ನು ಮರೆಯಬಾರದು. ಬೇರೆ ಕಾಲೇಜುಗಳು ಅಂಕ ನೋಡಿ ಒಳಗೆ ಕರೆಯುತ್ತವೆ. ಈ ಕಾಲೇಜು ಹೊರಗೆ ಉಳಿದವರನ್ನೇ ಹುಡುಕಿಕೊಂಡು ಹೋಗಬೇಕು.

ಹಾಗಾದರೆ ಇಲ್ಲಿ ಕಲಿಸುವವರು ಯಾರು? ಊರಿನ ದರ್ಜಿ, ವಿದ್ಯುತ್ ಕೆಲಸದವರು, ದಾದಿಯರು, ಬಿ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ತರುಣರು. ತಮ್ಮ ತಮ್ಮ ಕಸುಬಿನಲ್ಲಿ ಇವರು ನಿಪುಣರು. ಆದರೆ ಬಲ್ಲವರೆಲ್ಲ ಕಲಿಸಬಲ್ಲವರಲ್ಲ. ನಮ್ಮ ಸರಕಾರಗಳು ಇತರ ಶಿಕ್ಷಕರ ಸಂಗತಿಯಲ್ಲಿ ಇದನ್ನು ಒಪ್ಪಿಕೊಂಡಿವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆಂದು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಬಂದವು. ಕಾಲೇಜು ಅಧ್ಯಾಪಕರಿಗೆ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಆರಂಭವಾದವು. 2015ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಅವುಗಳ ಹೆಸರು ಬದಲಾಯಿತು. (ಹೆಸರು ಬದಲಿಸುವುದರಲ್ಲಿ ನಮ್ಮವರು ಎಂದೂ ಸೋಮಾರಿಗಳಲ್ಲ.) ಐ.ಟಿ.ಐ. ಬೋಧಕರಿಗೂ ಒಂದು ವರ್ಷದ ತರಬೇತಿ ಉಂಟು. ನಮ್ಮ ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಇವೆಲ್ಲದರ ನಡುವೆ, ಧರ್ಮಕೇಂದ್ರದ ಹಿಂದಿನ ಕೋಣೆಯಲ್ಲಿ ವಾರಕ್ಕೆ ಆರು ದಿನ ಸ್ವಿಚ್ಚು ಬೋರ್ಡು ಜೋಡಿಸುವುದನ್ನು ಹೇಳಿಕೊಡುವವನಿಗೆ ತನ್ನದೆಂಬ ಶಾಲೆ ಇಲ್ಲ. ಅವನಿಗೆ ಇರುವುದು ನಾವು ನೀವು ನಡೆಸಿದರೆ ನಡೆಯುವ ಕಮ್ಮಟ ಮಾತ್ರ.

ಕಮ್ಮಟವೆಂದರೆ ಏನೆಂದು ನಾವು ತಪ್ಪಾಗಿ ತಿಳಿದಿದ್ದುದೂ ಉಂಟು. ನಾವು ಹೋದ ಮೊಟ್ಟಮೊದಲ ಕಮ್ಮಟದಲ್ಲಿ ದೀಪ ಬೆಳಗಿಸಿದರು, ಹಾರ ಹಾಕಿದರು, ನಾಲ್ಕು ಜನ ವಿದ್ವಾಂಸರು ನಾಲ್ಕು ಗಂಟೆ ಮಾತನಾಡಿದರು. ಒಂದೊಂದು ಕಡತ, ಒಂದೊಂದು ಪ್ರಮಾಣಪತ್ರ ಕೊಟ್ಟರು. ಕಡತ ಕಪಾಟನ್ನು ಸೇರಿತು. ಈಚೆಗೆ ತೆಗೆದು ನೋಡಿದಾಗ ಗೆದ್ದಲು ನಮಗಿಂತ ಹೆಚ್ಚು ಶ್ರದ್ಧೆಯಿಂದ ಅದನ್ನು ಅಭ್ಯಾಸ ಮಾಡಿತ್ತು.

ಆ ಮೇಲೆ ನಾವೇ ಆಳಂದದಲ್ಲಿ ಮೂರು ದಿನದ ಚಿಕ್ಕ ಕಮ್ಮಟವನ್ನು ಏರ್ಪಡಿಸಿದೆವು. ಮೊದಲ ದಿನ ಭಾಷಣವೇ ಇಲ್ಲ. ಶಾಲೆಯ ಮೆಟ್ಟಿಲು ಹತ್ತದ ಒಬ್ಬ ತಾಯಿಯನ್ನು ಕರೆದು, ವಿದ್ಯುತ್ ಕೆಲಸದ ಶಿಕ್ಷಕರಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿರೆಂದು ಕೇಳಿಕೊಂಡೆವು. ನಮ್ಮ ಕಡೆ ಹೆಂಗಸರು ನಿದ್ದೆಗಣ್ಣಲ್ಲೂ ಮಾಡುವ ಕೆಲಸವದು. ಶಿಕ್ಷಕರು ಬಿಸಿನೀರು ಹಾಕಿ ಹಿಟ್ಟು ನಾದಿ ಬಡಿದರು. ರೊಟ್ಟಿ ಅಂಚಿನಲ್ಲಿ ಸೀಳಿತು. ಎರಡನೆಯದು ಎತ್ತುವಾಗಲೇ ಹರಿಯಿತು. ಮೂವತ್ತು ಜನ ನೋಡಿ ನಕ್ಕರು. ಆ ಮನುಷ್ಯನ ಮುಖ ಕೆಂಪಾಯಿತು, ಕೈ ನಡುಗತೊಡಗಿತು. ಆ ತಾಯಿ ಮಾತ್ರ ನಗಲಿಲ್ಲ, ತಪ್ಪೆಂದೂ ಹೇಳಲಿಲ್ಲ. "ಹಿಟ್ಟು ಇನ್ನಾ ನಾದಬೇಕ್ ತಮ್ಮಾ, ಕೈಗೆ ಗೊತ್ತಾಗತದ" ಎಂದು ಅವರ ಕೈಯ ಮೇಲೆ ತನ್ನ ಕೈಯಿಟ್ಟು ನಾದಿಸಿದರು. ಬಡಿಯುವಾಗ ತಮ್ಮ ವೇಗವನ್ನು ಅರ್ಧಕ್ಕಿಳಿಸಿದರು. ಐದನೆಯ ರೊಟ್ಟಿ ಇಡಿಯಾಗಿ ಹೆಂಚನ್ನು ಸೇರಿತು. ವಿದ್ಯಾರ್ಥಿಯೊಬ್ಬ ತಪ್ಪಾಗಿ ತಂತಿ ಜೋಡಿಸಿದಾಗ ತಾವು ಹೇಗೆ ಗದರುತ್ತಿದ್ದಿರೆಂಬುದನ್ನು ಅಂದು ಸಂಜೆ ಆ ಶಿಕ್ಷಕರೇ ಎದ್ದು ನಿಂತು ಹೇಳಿದರು. ನಾವು ಯಾರೂ ಅವರನ್ನು ಕೇಳಿರಲಿಲ್ಲ.

ಇಂಥ ವಿಷಯದಲ್ಲಿ ನಮ್ಮ ಧರ್ಮಸಭೆಗೆ ಹಿರಿಯ ಮಾದರಿಯೊಂದಿದೆ. 1950ರಲ್ಲಿ ಶಿಕ್ಷಕರ ಪಾಲಕ ಸಂತರೆಂದು ಘೋಷಿತರಾದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲರು ಫ್ರಾನ್ಸಿನ ರೀಮ್ಸ್ ನಗರದ ಸಿರಿವಂತ ಮನೆತನದವರು, ಪ್ರಧಾನಾಲಯದ ಗುರುಗಳು. ಬಡ ಮಕ್ಕಳ ಶಾಲೆಗಳಿಗೆ ಅವರು ಮೊದಲು ಕೊಟ್ಟದ್ದು ಕಟ್ಟಡವನ್ನಲ್ಲ. ಆ ಶಾಲೆಗಳ ಅರೆಕಲಿತ ಶಿಕ್ಷಕರನ್ನು ತಮ್ಮ ಊಟದ ಮೇಜಿಗೆ ಕರೆದರು. ಮನೆಯವರಿಗೆ ಇದು ಅವಮಾನವೆನಿಸಿತು. ಕೊನೆಗೆ ಅವರು ಮನೆಯನ್ನೇ ಬಿಟ್ಟು ಶಿಕ್ಷಕರೊಂದಿಗೆ ವಾಸಕ್ಕೆ ಹೋದರು. ದೇವರನ್ನು ನಂಬಿ ನಾಳಿನ ಚಿಂತೆ ಬಿಡಿರೆಂದು ಅವರಿಗೆ ಉಪದೇಶಿಸಿದಾಗ, ನಿಮಗೇನು ಆಸ್ತಿಯುಂಟು, ನಮಗೇನುಂಟು ಎಂದು ಆ ಬಡ ಶಿಕ್ಷಕರು ಕೇಳಿದರಂತೆ. ಸಂತರು ಆ ಮಾತಿಗೆ ಕೋಪಿಸಿಕೊಳ್ಳಲಿಲ್ಲ. 1683ರಲ್ಲಿ ತಮ್ಮ ಪದವಿಯನ್ನು ಬಿಟ್ಟರು. ಮುಂದಿನ ಬರಗಾಲದಲ್ಲಿ ಆಸ್ತಿಯನ್ನು ಹಸಿದವರಿಗೆ ಹಂಚಿದರು. 1685ರಲ್ಲಿ ಹಳ್ಳಿಯ ಶಿಕ್ಷಕರಿಗಾಗಿ ಒಂದು ತರಬೇತಿ ಶಾಲೆಯನ್ನು ತೆರೆದರು. ಓದನ್ನು ಲ್ಯಾಟಿನ್‌ನಲ್ಲಿ ಆರಂಭಿಸುತ್ತಿದ್ದ ಕಾಲದಲ್ಲಿ ಮಕ್ಕಳ ತಾಯ್ನುಡಿಯಲ್ಲೇ ಆರಂಭಿಸಿದವರೂ ಅವರೇ.

ಆ ಬಡ ಶಿಕ್ಷಕರ ಪ್ರಶ್ನೆ ಆಳಂದದಲ್ಲೂ ಏಳುತ್ತದೆ. ನಮ್ಮ ವಿದ್ಯುತ್ ಶಿಕ್ಷಕರು ಮೂರು ದಿನ ಕಮ್ಮಟದಲ್ಲಿ ಕುಳಿತರೆ ಹೊರಗಿನ ದುಡಿಮೆ ಮೂರು ದಿನ ನಿಲ್ಲುತ್ತದೆ. ಸೇವಾಮನೋಭಾವದಿಂದ ಬನ್ನಿರೆಂದು ಕರೆಯುವುದು ಸುಲಭ. ಒಮ್ಮೆ ಹಾಗೆಯೇ ಕರೆದೆವು. ಅರ್ಧ ಜನ ಬರಲಿಲ್ಲ, ಬರದವರಿಗೆ ಶ್ರದ್ಧೆಯಿಲ್ಲವೆಂದು ನಾವು ಗೊಣಗಿದೆವು. ಈಗ ಕಮ್ಮಟದ ದಿನಗಳ ಕೂಲಿಯನ್ನು ಮೊದಲೇ ಲೆಕ್ಕಕ್ಕೆ ಸೇರಿಸುತ್ತೇವೆ. ಮೂರು ಯಂತ್ರಗಳ ಹಣ ಎಂದು ಆರಂಭದಲ್ಲಿ ಹೇಳಿದೆವಲ್ಲ, ಅದರ ದೊಡ್ಡ ಪಾಲು ಹೋಗುವುದು ಇದಕ್ಕೇ. ಊಟ, ವಸತಿ, ಸಾಮಗ್ರಿಗೆ ತಗಲುವುದು ಸ್ವಲ್ಪ.

ಭಾಷೆಯ ವಿಷಯವನ್ನೂ ಹೇಳಬೇಕು. ನಮ್ಮ ಕಡೆಯದು 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಸೀಮೆ. ನಮ್ಮ ಅಜ್ಜಂದಿರ ಕಾಲದ ಕಾಗದಪತ್ರಗಳು ಉರ್ದುವಿನಲ್ಲಿವೆ. ಇಂದೂ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಕನ್ನಡ, ದಖನಿ, ಮರಾಠಿ, ಲಂಬಾಣಿ ಆಡುವ ನಾಲ್ವರು ಕುಳಿತಿರುತ್ತಾರೆ. ಕೈಪಿಡಿ ಮಾತ್ರ ಇಂಗ್ಲಿಷಿನದು. ಫೇಸು, ನ್ಯೂಟ್ರಲ್, ಅರ್ಥಿಂಗ್ ಎಂಬ ಹೆಸರುಗಳನ್ನು ಬದಲಿಸಬೇಕಿಲ್ಲ. ಅಂಗಡಿಯಲ್ಲಿ ತಂತಿ ಕೇಳುವಾಗ ಅವೇ ಬೇಕು. ಆದರೆ ಅರ್ಥಿಂಗ್ ತಂತಿ ಇಲ್ಲದಿದ್ದರೆ ಜೀವಕ್ಕೆ ಏನಾದೀತೆಂಬುದನ್ನು ಹುಡುಗನಿಗೆ ತಿಳಿಯುವ ಮಾತಿನಲ್ಲಿ ಹೇಳಲೇಬೇಕು. ಎರಡನೆಯ ದಿನವನ್ನು ಪೂರ್ತಿಯಾಗಿ ಇದಕ್ಕೇ ಕೊಟ್ಟೆವು. ಒಂದೊಂದು ಪಾಠವನ್ನು ಒಬ್ಬೊಬ್ಬ ಶಿಕ್ಷಕರು ತಮ್ಮ ಊರಿನ ಮಾತಿನಲ್ಲಿ ಹೇಳಿದರು, ಉಳಿದವರು ವಿದ್ಯಾರ್ಥಿಗಳಾಗಿ ಕುಳಿತು ತಿಳಿಯದ ಕಡೆ ಕೈಯೆತ್ತಿದರು. ಬಹಳ ಸಲ ಕೈಯೆತ್ತಿದರು.

ಮೂರು ದಿನದ ಕಮ್ಮಟ ಮೂರು ದಿನಕ್ಕೇ ಮುಗಿದರೆ ಅದು ಜಾತ್ರೆಯಾದೀತು. ಆದುದರಿಂದ ತಿಂಗಳಿಗೊಮ್ಮೆ ಒಬ್ಬ ಶಿಕ್ಷಕರು ಇನ್ನೊಬ್ಬರ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ನೋಡುವ ಪದ್ಧತಿಯನ್ನಿಟ್ಟುಕೊಂಡಿದ್ದೇವೆ. ಮೊದಮೊದಲು ಇದು ತನಿಖೆಯೆಂದು ಹಲವರು ಮುನಿಸಿಕೊಂಡರು. ಒಬ್ಬರು ಈಗಲೂ ಒಪ್ಪಿಲ್ಲ, ಅವರನ್ನು ಬಲವಂತಪಡಿಸುತ್ತಿಲ್ಲ. ಅರ್ಧದಲ್ಲಿ ಬಿಟ್ಟುಹೋದವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಯಾವ ಪಾಠದ ಮರುದಿನ ಬಿಟ್ಟರೆಂದು ಗುರುತು ಹಾಕುತ್ತೇವೆ. ಆ ಪುಸ್ತಕದ ಮೊದಲ ಹೆಸರು ಯಾರದೆಂದು ನಿಮಗೆ ಹೇಳಬೇಕಾಗಿಲ್ಲ. ಅವಳು ಮರಳಿ ಬಂದಿಲ್ಲ. ಹೋದ ಹಬ್ಬಕ್ಕೆ ಊರಿಗೆ ಬಂದಿದ್ದಳೆಂದು ಕೇಳಿ ಮನೆಗೆ ಹೋದೆವು. ಅಷ್ಟರಲ್ಲಿ ಹೊರಟುಹೋಗಿದ್ದಳು. ಅವಳ ತಂಗಿಗೆ ಟೇಪು ಮಡಿಸುವುದನ್ನು ಅಲ್ಲಿಯೇ ತೋರಿಸಿ ಬಂದೆವು.

ನಮ್ಮಲ್ಲಿ ತೊಗರಿಯ ರಾಶಿ ಡಿಸೆಂಬರ್ ಜನವರಿಯಲ್ಲಿ. ಆಗ ಯಾರನ್ನು ಕರೆದರೂ ಬರುವುದಿಲ್ಲ. ಮುಂದಿನ ಕಮ್ಮಟವನ್ನು ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲಿ ಇಟ್ಟುಕೊಂಡಿದ್ದೇವೆ. ನಿಮ್ಮ ಕಾಲೇಜಿಗೆ ನೀವು ಆರಿಸುವ ಶಿಕ್ಷಕರನ್ನು, ಯಂತ್ರಗಳು ಬರುವ ಮುಂಚೆಯೇ, ಅಲ್ಲಿಗೆ ಕಳುಹಿಸಿಕೊಡಿರಿ. ಬಿಸಿಲು ಕಠಿಣ, ಸಂಜೆ ಅಂಗಳದಲ್ಲಿ ಕೂರಬಹುದು. ಬರುವವರು ಒಂದೊಂದು ಅಳತೆಯ ಟೇಪು ತರಲಿ. ರೊಟ್ಟಿಯ ಹಿಟ್ಟು ನಮ್ಮಲ್ಲಿದೆ, ಆ ತಾಯಿಯೂ ಬರಲು ಒಪ್ಪಿದ್ದಾರೆ.